ಹೊರಗಿನವರ ಹೋಮ್ ರನ್ ಯಾರ ಲೆಕ್ಕಕ್ಕೆ?

ದಾವಣಗೆರೆಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ರ‍್ಯಾಂಡಿ ಬ್ಯಾಸ್ ಎಂಬ ಅಮೆರಿಕನ್ ಬೇಸ್‌ಬಾಲ್ ಆಟಗಾರನಿಗೆ ಎರಡು ಪುಟ ಕೊಟ್ಟಿದ್ದೀರಿ. ತನ್ನ ದೇಶದಲ್ಲಿ ಸಲ್ಲದೆ, ಹಣಕ್ಕಾಗಿ ಜಪಾನಿಗೆ ಹೋಗಿ, ಅಲ್ಲಿನ ಚಿಕ್ಕ ಮೈದಾನಗಳಲ್ಲಿ ಹೊಡೆದವನ ದಾಖಲೆಗೆ ಬೆಲೆಯೇನು?"

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಒಂದಂಶ ನಿಜ. ಬ್ಯಾಸ್ ಆಡಿದ ಹಾನ್‌ಶಿನ್ ಟೈಗರ್ಸ್ ತಂಡದ ತವರಾದ ಕೊಶಿಯೆನ್ ಮೈದಾನದಲ್ಲಿ ಆಗ ಹೊರಬೇಲಿಯ ಒಳಗೆ ಇನ್ನೊಂದು ಬೇಲಿ ಇತ್ತು. ಇವೆರಡರ ನಡುವಿನ 'ಲಕ್ಕಿ ಝೋನ್'ಗೆ ಬಿದ್ದ ಚೆಂಡೂ ಹೋಮ್ ರನ್, ಅಂದರೆ ಬೇಲಿ ದಾಟಿದ ಹೊಡೆತ, ಆಗುತ್ತಿತ್ತು. ಅದನ್ನು ತೆಗೆದದ್ದು 1991ರಲ್ಲಿ. ಆದರೆ ಬೇಲಿಯನ್ನು ಕಂಡ ನೀವು ಗಾಳಿಯನ್ನು ಮರೆತಿರಿ. ಅಲ್ಲಿ 'ಹಾಮಾಕಾಜೆ' ಎಂಬ ಕಡಲಗಾಳಿ ಬಲಗಡೆಯಿಂದ ಎಡಗಡೆಗೆ ಬೀಸುತ್ತದೆ. ಎಡಗೈ ಬ್ಯಾಟರ್ ತನ್ನ ಸಹಜ ಬಲದಿಂದ ಬಲಕ್ಕೆ ಎತ್ತಿ ಹೊಡೆದ ಚೆಂಡನ್ನು ಅದು ಮರಳಿ ಮೈದಾನದೊಳಕ್ಕೇ ತಳ್ಳುತ್ತದೆ. ಬ್ಯಾಸ್ ಎಡಗೈ ಬ್ಯಾಟರ್. 1983ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಗೆ ಹೋದ ಅವರು, ತಮ್ಮಿಂದ ದೂರವಾಗಿ ಬರುವ ಚೆಂಡನ್ನು ಎಡಕ್ಕೆ ಹೊಡೆದು ಗಾಳಿಯ ಹೆಗಲೇರಿಸುವುದನ್ನು ಹೊಸದಾಗಿ ಕಲಿತರು. ಅಮೆರಿಕದ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ನಲ್ಲಿ ಆರು ಋತು, ಐದು ತಂಡ ಸುತ್ತಿ 9 ಹೋಮ್ ರನ್ ಹೊಡೆದಿದ್ದವರು 1985ರಲ್ಲಿ 54 ಹೊಡೆದರು. ಆ ವರ್ಷವೇ ಹಾನ್‌ಶಿನ್ ಮೊದಲ ಬಾರಿಗೆ ಜಪಾನ್ ಸೀರೀಸ್, ಅಂದರೆ ಅಲ್ಲಿನ ವೃತ್ತಿಪರ ಬೇಸ್‌ಬಾಲ್‌ನ ಚಾಂಪಿಯನ್ ಪಟ್ಟ, ಗೆದ್ದಿತು. ಮರುವರ್ಷದ ಅವರ 0.389 ಬ್ಯಾಟಿಂಗ್ ಸರಾಸರಿಯನ್ನು ಅಲ್ಲಿ ಯಾರೂ ಇನ್ನೂ ದಾಟಿಲ್ಲ.

ನೀವು ಯೋಚಿಸಲೇಬೇಕಾದದ್ದು 1985ರ ಅಕ್ಟೋಬರ್ ತಿಂಗಳ ಸಂಗತಿ. ಜಪಾನಿನ ಹೆಸರಾಂತ ಬ್ಯಾಟರ್ ಸದಾಹಾರು ಓ 1964ರ ಒಂದೇ ಋತುವಿನಲ್ಲಿ ಹೊಡೆದ 55 ಹೋಮ್ ರನ್‌ಗಳ ದಾಖಲೆಗೆ ಬ್ಯಾಸ್‌ಗೆ ಒಂದೇ ಒಂದು ಬಾಕಿ. ಕೊನೆಯ ಎರಡು ಪಂದ್ಯಗಳಲ್ಲಿ ಎದುರಾಳಿ ಯೊಮಿಯುರಿ ಜೈಂಟ್ಸ್. ಅದರ ವ್ಯವಸ್ಥಾಪಕರು ಸ್ವತಃ ಓ. ಜೈಂಟ್ಸ್‌ನ ಪಿಚರ್‌ಗಳು (ಚೆಂಡು ಎಸೆಯುವವರು) ಬ್ಯಾಟಿಗೆ ಎಟುಕದಂತೆ ಚೆಂಡು ಎಸೆದೆಸೆದು ಅವರನ್ನು ಮತ್ತೆ ಮತ್ತೆ ಪುಕ್ಕಟೆಯಾಗಿ ಮೊದಲನೇ ಬೇಸ್‌ಗೆ ಕಳುಹಿಸಿದರು. ಒಮ್ಮೆಯಂತೂ ತಡೆಯಲಾರದೆ ಬ್ಯಾಸ್ ಬ್ಯಾಟರ್ ಪಕ್ಕದ ನೆಲಹಲಗೆಯಾದ ಪ್ಲೇಟಿನಾಚೆಗೆ ಬಾಗಿ, ತೋಳು ಚಾಚಿ, ದೂರದ ಚೆಂಡನ್ನು ತಟ್ಟಿಯೇಬಿಟ್ಟರು. ಸಿಕ್ಕಿದ್ದು ಒಂದೇ ಬೇಸ್. ಹಾಗೆ ಎಸೆಯಲು ತಾನು ಹೇಳಿರಲಿಲ್ಲವೆಂದು ಓ ಹೇಳಿದ್ದಾರೆ, ನಂಬೋಣ. ಆದರೆ ಅವರ ತಂದೆ ಚೀನೀಯರು. ಜಪಾನಿನ ಪೌರತ್ವವಿಲ್ಲವೆಂಬ ಕಾರಣಕ್ಕೆ ಶಾಲಾ ದಿನಗಳಲ್ಲಿ ರಾಷ್ಟ್ರೀಯ ಕ್ರೀಡಾಕೂಟವೊಂದರಿಂದ ಹೊರಗುಳಿದವರು ಅವರು. ಹೊರಗಿನವನೆನಿಸಿಕೊಂಡ ನೋವು ತಿಂದವರ ದಾಖಲೆಯನ್ನು ಇನ್ನೊಬ್ಬ ಹೊರಗಿನವನಿಂದ ಕಾಪಾಡಿದ್ದು ನನ್ನನ್ನು ಇಂದಿಗೂ ಕಲಕುತ್ತದೆ. 2001ರಲ್ಲಿ ಅಮೆರಿಕದವರೇ ಆದ ಟಫಿ ರೋಡ್ಸ್ 55 ಮುಟ್ಟಿದಾಗಲೂ ಓ ಅವರ ಆಗಿನ ತಂಡ ಹಾಗೆಯೇ ಎಸೆಯಿತು.

ಹಣಕ್ಕಾಗಿ ಹೋದರು ಎಂದಿರಿ. ಹೊಟ್ಟೆಪಾಡಿಗೆ ಊರು ಬಿಟ್ಟವರ ಬೆವರು ಅಗ್ಗವೆಂದು ಯಾರು ಹೇಳಿದರು? ಹಿತ್ತಲ ಗಿಡ ಮದ್ದಲ್ಲವೆಂದು ತವರಿನವರು ಬಿಟ್ಟರೆ, ಹೊರಗಿನ ಗಿಡವೆಂದು ಹೋದಲ್ಲಿಯವರು ಅನುಮಾನಿಸುತ್ತಾರೆ. ಕ್ರೀಡಾಪುಟಗಳಲ್ಲಿ ಇಂಥವರ ಬದುಕು 'ನಂತರ ಜಪಾನಿನಲ್ಲಿ ಆಡಿದರು' ಎಂಬ ಒಂದು ಸಾಲಿಗೆ ಮುಗಿದುಹೋಗುತ್ತದೆ. ಆರು ವರ್ಷ ಒಂದು ನಗರದ ಜನ ಅವರಿಗಾಗಿ ಕೂಗಿ ಗಂಟಲು ಹರಿದುಕೊಂಡದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಾವು ಎರಡು ಪುಟ ಕೊಟ್ಟದ್ದು ಅದಕ್ಕೇ. ಜಪಾನ್ ತನ್ನ ಹಾಲ್ ಆಫ್ ಫೇಮ್‌ಗೆ ಬ್ಯಾಸ್ ಅವರನ್ನು ಸೇರಿಸಿಕೊಂಡದ್ದು 2023ರಲ್ಲಿ. ಆಗ ಅವರಿಗೆ ಎಪ್ಪತ್ತು ಹತ್ತಿರವಾಗಿತ್ತು.

ಓ ಅವರ ದಾಖಲೆ ಕೊನೆಗೂ ಮುರಿದದ್ದು 2013ರ ಸೆಪ್ಟೆಂಬರ್‌ನಲ್ಲಿ, ಕ್ಯುರಸಾವೊ ದ್ವೀಪದ ವ್ಲಾಡಿಮಿರ್ ಬ್ಯಾಲೆಂಟೀನ್ ಅವರಿಂದ. ಅಂದು ಅವರಿಗೆ ಹೊಡೆಯಬಲ್ಲ ಚೆಂಡು ಎಸೆದು 56ನೆಯದನ್ನು ಬಿಟ್ಟುಕೊಟ್ಟ ತಂಡ ಬ್ಯಾಸ್ ಅವರ ಅದೇ ಹಾನ್‌ಶಿನ್ ಟೈಗರ್ಸ್.