ಕನ್ನಡದಲ್ಲಿ ಕೇಳಿಸಿಕೊಳ್ಳುವವರು ಸಿಗುತ್ತಾರೆಯೇ?

ಓದುಗರ ಪತ್ರ:

"ನಾನು ಮುಂಬಯಿ ಬಳಿಯ ಡೊಂಬಿವಲಿಯಲ್ಲಿರುವ 47 ವರ್ಷದ ಗೃಹಿಣಿ. ಊರು ಕುಂದಾಪುರದ ಕಡೆ. ಕಳೆದ ವರ್ಷ ಅಮ್ಮ ತೀರಿಕೊಂಡಾಗ ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ನಿದ್ರೆ ಇಲ್ಲ. ಲೋಕಲ್ ರೈಲಿನಲ್ಲಿ ಎದೆ ಬಿಗಿದು, ಅಂಗೈ ಬೆವೆತು, ಈಗಲೇ ಜೀವ ಹೋಯಿತು ಅನ್ನಿಸುತ್ತದೆ. ಇಸಿಜಿ ಸರಿಯಾಗಿದೆ. ಡಾಕ್ಟರು ಟೆನ್ಷನ್ ಎಂದು ನಿದ್ರೆ ಮಾತ್ರೆ ಬರೆದುಕೊಟ್ಟರು. ಊರಿಗೆ ಹೋಗಿ ಜ್ಯೋತಿಷಿಗಳ ಬಳಿ ಪ್ರಶ್ನೆ ಇಡಿಸೋಣ ಎಂದು ಅತ್ತಿಗೆ, ಆನ್‌ಲೈನ್ ಕೌನ್ಸೆಲಿಂಗ್ ಮಾಡಿಸಿಕೋ ಎಂದು ಮಗಳು. ಹಿಂದಿ, ಮರಾಠಿಯಲ್ಲಿ ಸಂತೆ ಮಾಡಬಲ್ಲೆ, ಮನಸ್ಸು ಬಿಚ್ಚಲಾರೆ. ಯಾರನ್ನು ನಂಬುವುದು? ಸಂಗತಿ ಸಮಾಜದವರ ಕಿವಿಗೆ ಬಿದ್ದರೆ ಮಗಳ ಮದುವೆಗೆ ಅಡ್ಡಿಯಾಗದೇ? ಕೆಲವು ರಾತ್ರಿ, ಇರುವುದೇ ಬೇಡ ಎನ್ನಿಸುತ್ತದೆ. ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಪತ್ರದ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಇರುವುದೇ ಬೇಡ ಎಂಬ ಯೋಚನೆ ಇನ್ನೊಮ್ಮೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲೆನ್ನದೆ ನಡೆಯುತ್ತದೆ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸೇವೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಯೋಚನೆ ಇನ್ನೂ ಗಟ್ಟಿಯಾಗುತ್ತಿದೆ ಅನ್ನಿಸಿದರೆ ಯಜಮಾನರನ್ನೋ ಮಗಳನ್ನೋ ಎಬ್ಬಿಸಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಧ್ಯರಾತ್ರಿಯಾದರೂ ಎಬ್ಬಿಸಿ. ಆ ನಿದ್ರೆ ಮಾತ್ರೆಗಳನ್ನು ಇಂದೇ ಮಗಳ ವಶಕ್ಕೆ ಕೊಟ್ಟು, ದಿನದ್ದನ್ನು ದಿನ ಅವಳ ಕೈಯಿಂದ ತೆಗೆದುಕೊಳ್ಳಿ. ಕೆಲವು ನಿದ್ರೆ ಮಾತ್ರೆಗಳು ಅಭ್ಯಾಸವಾಗಿಬಿಡುತ್ತವೆ. ಆದ್ದರಿಂದ ನೀವಾಗಿಯೇ ಹೆಚ್ಚಿಸುವುದೂ ಬೇಡ, ಒಮ್ಮೆಲೇ ನಿಲ್ಲಿಸುವುದೂ ಬೇಡ. ಅದನ್ನು ವೈದ್ಯರು ಹಂತಹಂತವಾಗಿ ಇಳಿಸಬೇಕು.

ರೈಲಿನಲ್ಲಿ ನಿಮಗಾಗುವುದನ್ನು ಪತ್ರ ಓದಿ ಹೆಸರಿಸುವ ಅಧಿಕಾರ ನನಗಿಲ್ಲ. ಆದರೆ ನೀವು ಬರೆದಂಥ ಲಕ್ಷಣಗಳನ್ನು ವೈದ್ಯರು ಪ್ಯಾನಿಕ್ ಅಟ್ಯಾಕ್ ಎಂದು ಗುರುತಿಸುವುದುಂಟು. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ, ಮತ್ತೆ ಇಳಿಯುತ್ತದೆ. ಅನುಭವಿಸುವವರಿಗೆ ಮಾತ್ರ ಅದು ಸಾವೇ. ಅದನ್ನು ಸುಮ್ಮನೆ ಟೆನ್ಷನ್ ಎಂದು ತಳ್ಳಿಹಾಕುವವರ ಬಗ್ಗೆ ನನಗೆ ಸಿಟ್ಟಿದೆ. ಚಿಕಿತ್ಸೆ ಇರುವ ತೊಂದರೆ ಇದು.

ಮೊದಲು ದೇಹದ ಕಡೆಯ ಅನುಮಾನ ತೀರಿಸಿಕೊಳ್ಳಿ. ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದ್ದರೂ ಎದೆ ಬಡಿದುಕೊಳ್ಳುತ್ತದೆ, ನಿದ್ರೆ ಕೆಡುತ್ತದೆ. ರಕ್ತಹೀನತೆಯಲ್ಲೂ ಏದುಸಿರು ಬರುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಹೊತ್ತಿನ ಏರುಪೇರುಗಳೂ ಇದಕ್ಕೆ ಸೇರಿಕೊಳ್ಳಬಹುದು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಫಲಿತಾಂಶದ ಕಾಗದವನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಿ.

ಮುಂದಿನ ಹೆಜ್ಜೆಗೆ ಇಬ್ಬರು ಬೇಕಾಗಬಹುದು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ನಿದ್ರೆ ಇಷ್ಟು ಕೆಟ್ಟಿರುವಾಗ, ಸಾಯುವ ಯೋಚನೆಯೂ ಸುಳಿದಿರುವಾಗ, ನೀವು ಮೊದಲು ಮನೋವೈದ್ಯರನ್ನು ಎದುರಿಗೆ ಕೂತು ಕಾಣಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಫೋನಿನ ಪರದೆಯಿಂದ ಶುರುಮಾಡುವುದು ನಿಮ್ಮ ಈಗಿನ ಸ್ಥಿತಿಗೆ ಸಾಲದು.

ಅದಕ್ಕೆ ಮುಂಬಯಿಯಲ್ಲಿ ಹಣವಿಲ್ಲದವರಿಗೂ ದಾರಿಯಿದೆ. ಸಾಯನ್ ಆಸ್ಪತ್ರೆ ನಿಮ್ಮದೇ ಸೆಂಟ್ರಲ್ ಲೈನಿನಲ್ಲಿದೆ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಭಾಯಖಲಾದ ಜೆಜೆ, ಇವುಗಳಲ್ಲೂ ಮನೋವೈದ್ಯಕೀಯ ಹೊರರೋಗಿ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಎಂದರೆ ಹೊರರೋಗಿ ಚೀಟಿ, ಮಾಡಿಸಬೇಕು. ಸರತಿ ಉದ್ದವಿರುತ್ತದೆ, ಬೆಂಚಿನಲ್ಲಿ ಕಾಯಬೇಕಾಗುತ್ತದೆ, ವೈದ್ಯರಿಗೆ ನಿಮ್ಮೊಡನೆ ಬಹಳ ಹೊತ್ತು ಮಾತನಾಡಲು ಪುರುಸೊತ್ತಿರುವುದಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಯಾವಾಗಿನಿಂದ ಶುರುವಾಯಿತು, ಎಷ್ಟು ಗಂಟೆ ನಿದ್ರೆ, ಯಾವ ಮಾತ್ರೆ, ರೈಲಿನಲ್ಲಿ ಏನಾಗುತ್ತದೆ ಎಂಬುದನ್ನು ಮಗಳಿಂದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಸಿಕೊಂಡು ಹೋಗಿ. ಸಾಯುವ ಯೋಚನೆಯ ವಿಷಯವೂ ಅದರಲ್ಲಿರಲಿ. ಬಾಯಲ್ಲಿ ಹೇಳಲಾಗದ್ದನ್ನು ಕಾಗದ ಹೇಳಲಿ. ಖಿನ್ನತೆಗೆ ಅಥವಾ ಆತಂಕಕ್ಕೆ ಮಾತ್ರೆ ಕೊಟ್ಟರೆ ಅದರ ಗುಣ ತಿಳಿಯಲು ಎರಡರಿಂದ ನಾಲ್ಕು ವಾರವಾದರೂ ಬೇಕು. ಮೂರನೆಯ ದಿನಕ್ಕೇ ಇದು ಹಿಡಿಸಲಿಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ. ತೊಂದರೆ ಎನ್ನಿಸಿದರೆ ಅದೇ ವೈದ್ಯರಿಗೆ ಹೇಳಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ, ಕನ್ನಡದಲ್ಲಿ ಕೇಳಿಸಿಕೊಳ್ಳುವವರ ಪ್ರಶ್ನೆಗೆ. ತಾಯಿಯ ಮುಖ ಕಡೆಯ ಬಾರಿ ನೋಡಲಾಗಲಿಲ್ಲ ಎಂಬ ಸಂಕಟವನ್ನು ಸಂತೆಯ ಹಿಂದಿಯಲ್ಲಿ ಹೇಳುವುದು ಯಾರಿಂದಲೂ ಆಗದು. ಹೇಳಿದರೂ ಅದು ವರದಿಯಾಗುತ್ತದೆ, ಅಳುವಾಗುವುದಿಲ್ಲ. ಮಾತೇ ಮದ್ದಾಗಿರುವ ಚಿಕಿತ್ಸೆಯಲ್ಲಿ ಭಾಷೆಯ ವಿಷಯದಲ್ಲಿ ರಾಜಿ ಬೇಡ. ಆನ್‌ಲೈನ್ ಎಂಬುದು ನಮ್ಮಂಥ ಹೊರನಾಡ ಕನ್ನಡಿಗರಿಗೆ ದೊಡ್ಡ ಉಪಕಾರ ಮಾಡಿರುವುದು ಇಲ್ಲಿಯೇ. ನಿಮ್ಮ ಮಾತು ಕೇಳುವವರು ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಇರಬೇಕಿಲ್ಲ. ಉಡುಪಿ, ಧಾರವಾಡ, ಮೈಸೂರು, ಎಲ್ಲಿದ್ದರೂ ನಡೆಯುತ್ತದೆ. ನಮ್ಮ ಸಂಘ, ಸಮಾಜದ ಸಭೆಗಳಲ್ಲಿ ಅವರು ನಿಮಗೆ ಎದುರಾಗುವ ಭಯವೂ ಇಲ್ಲ.

ನನಗೆ ಅತ್ಯಂತ ಸರಿ ಎನ್ನಿಸುವ ಏರ್ಪಾಡು ಹೀಗಿದೆ. ಇಲ್ಲಿನ ವೈದ್ಯರನ್ನು ಈ ವಾರವೇ ಕಾಣಿರಿ. ಮುಂದೆ ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ ಮಣಿಪಾಲಕ್ಕೆ ಹೋಗಿ ಬನ್ನಿ. ಅಲ್ಲಿನ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇದ್ದಾರೆ, ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಒಮ್ಮೆ ಮುಖತಃ ಭೇಟಿಯಾದರೆ ಮುಂದಿನ ಮಾತುಕತೆಯನ್ನು ಮುಂಬಯಿಯಿಂದ ವೀಡಿಯೊ ಮೂಲಕ ಮುಂದುವರಿಸಲು ಆಗುತ್ತದೆಯೇ ಎಂದು ಅಲ್ಲಿಯೇ ಕೇಳಿ. ವೈದ್ಯರು ದೂರದಿಂದ ರೋಗಿಗಳನ್ನು ನೋಡುವುದಕ್ಕೆ 2020ರ ಮಾರ್ಚ್‌ನಿಂದ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಇದೆ. ಊರಿಗೆ ಹೋಗುವುದು ತಡವಾಗುವುದಾದರೆ, ನಿಮ್ಹಾನ್ಸ್‌ನಲ್ಲೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೋ ಮಣಿಪಾಲದಲ್ಲೋ ತರಬೇತಿ ಪಡೆದು ಈಗ ಸ್ವಂತವಾಗಿ ಆನ್‌ಲೈನ್ ಚಿಕಿತ್ಸೆ ಕೊಡುವ ಕನ್ನಡಿಗರನ್ನು ಮಗಳು ಹುಡುಕಲಿ. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2012ರಲ್ಲಿ ಆರಂಭಿಸಿದ ಐಕಾಲ್ ಎಂಬ ದೂರವಾಣಿ ಸಮಾಲೋಚನೆಯವರು, ಜನರೇ ಶಿಫಾರಸು ಮಾಡಿದ ಮನೋಚಿಕಿತ್ಸಕರ ಒಂದು ಪಟ್ಟಿಯನ್ನೂ ಪ್ರಕಟಿಸಿದ್ದಾರೆ. ಹುಡುಕಾಟಕ್ಕೆ ಅದೂ ಒಂದು ಆಸರೆ.

ಹೆಸರು ಸಿಕ್ಕಿದ ಮಾತ್ರಕ್ಕೆ ನಂಬಬೇಡಿ. ಕೌನ್ಸೆಲರ್ ಎಂಬ ಫಲಕವನ್ನು ಎರಡು ವಾರಾಂತ್ಯದ ಶಿಬಿರ ಮುಗಿಸಿದವರೂ ಹಾಕಿಕೊಳ್ಳುತ್ತಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಎಂದರೆ ಆರ್‌ಸಿಐನಲ್ಲಿ, ನೋಂದಾಯಿಸಿರಬೇಕು. ಇದು 1992ರ ಕಾಯ್ದೆಯ ನಿಯಮ. ನೋಂದಣಿ ಸಂಖ್ಯೆ ಕೇಳಿ, ಪರಿಷತ್ತಿನ ಜಾಲತಾಣದಲ್ಲಿ ಹೆಸರಿದೆಯೇ ಎಂದು ಮಗಳು ನೋಡಲಿ. ಸಂಖ್ಯೆ ಕೇಳಿದ್ದಕ್ಕೆ ಮುನಿಸಿಕೊಂಡವರನ್ನು ಅಲ್ಲಿಗೇ ಬಿಡಿ. ಮನಃಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಮಾಡಿ, ಹಿರಿಯರ ಕೈಕೆಳಗೆ ಪಳಗಿದ ಒಳ್ಳೆಯ ಸಮಾಲೋಚಕರೂ ಇದ್ದಾರೆ, ಅವರಿಗೆ ಈ ಸಂಖ್ಯೆ ಇರುವುದಿಲ್ಲ. ಅಂಥವರನ್ನು ಎಲ್ಲಿ ಓದಿದಿರಿ, ಯಾರ ಬಳಿ ಕಲಿತಿರಿ, ಸಾವಿನ ದುಃಖದಲ್ಲಿರುವವರನ್ನು ನೋಡಿದ ಅನುಭವವಿದೆಯೇ ಎಂದು ಕೇಳಬೇಕು. ಇಷ್ಟು ಬಾರಿಯಲ್ಲಿ ಗುಣಪಡಿಸುತ್ತೇನೆ ಎಂದು ಭಾಷೆ ಕೊಡುವವರು, ಮೊದಲ ದಿನವೇ ತಿಂಗಳುಗಟ್ಟಲೆಯ ಹಣ ಮುಂಗಡ ಕೇಳುವವರು, ಇನ್ನೊಬ್ಬ ರೋಗಿಯ ಕತೆಯನ್ನು ನಿಮ್ಮ ಮುಂದೆ ಹೇಳುವವರು ನಮಗೆ ಬೇಡ. ಅವರ ಕತೆ ನಿಮ್ಮ ಮುಂದೆ ಬಂದರೆ ನಿಮ್ಮದು ಇನ್ನೊಬ್ಬರ ಮುಂದೆ ಹೋಗುತ್ತದೆ.

ಮೊದಲ ಭೇಟಿ ಬಹುಪಾಲು ಪ್ರಶ್ನೆಗಳಲ್ಲೇ ಕಳೆಯುತ್ತದೆ. ಮನೆ, ಬಾಲ್ಯ, ನಿದ್ರೆ, ಊಟ, ಅಮ್ಮ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅತ್ತು ಹೊರಬಂದು, ಹೋದದ್ದಕ್ಕಿಂತ ಭಾರವಾಯಿತು ಅನ್ನಿಸಿದರೆ ಹೆದರಬೇಡಿ. ಮೂರು ನಾಲ್ಕು ಬಾರಿ ಮಾತನಾಡಿದ ಮೇಲೂ ಇವರಿಗೆ ನಾನು ಅರ್ಥವಾಗುತ್ತಿಲ್ಲ ಅನ್ನಿಸಿದರೆ ಬೇರೆಯವರನ್ನು ಹುಡುಕಿಕೊಳ್ಳುವ ಹಕ್ಕು ನಿಮಗಿದೆ. ದರ್ಜಿ ಹೊಲಿದ ರವಿಕೆ ಸರಿಹೊಂದದಿದ್ದರೆ ದರ್ಜಿಯನ್ನು ಬದಲಿಸುತ್ತೇವೆ, ಹೊಲಿಗೆಯನ್ನೇ ಬಿಡುವುದಿಲ್ಲವಲ್ಲ.

ಎಲ್ಲಿ ಕೂತು ಮಾತನಾಡುವುದು? ಆನ್‌ಲೈನ್ ಚಿಕಿತ್ಸೆಯ ಬಗ್ಗೆ ಬರೆಯುವ ಯಾರೂ ನಮ್ಮ ಒಂದು ಕೋಣೆ, ಅಡುಗೆಮನೆಯ ಸಂಸಾರಗಳನ್ನು ನೆನೆಸಿಕೊಂಡಂತೆ ಕಾಣುವುದಿಲ್ಲ. ಗೋಡೆಯಾಚೆ ಕುಕ್ಕರ್ ಕೂಗಿದರೂ ಕೇಳಿಸುವ ಮನೆಗಳಲ್ಲಿ ಗುಟ್ಟು ಹೇಗೆ ಉಳಿದೀತು? ಯಜಮಾನರು ಕೆಲಸಕ್ಕೆ, ಮಗಳು ಕಾಲೇಜಿಗೆ ಹೋದ ಮಧ್ಯಾಹ್ನದ ಹೊತ್ತನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಇಯರ್‌ಫೋನ್ ಹಾಕಿಕೊಂಡರೆ ಆ ಕಡೆಯ ಮಾತು ಹೊರಗೆ ಬರುವುದಿಲ್ಲ; ಬಾಗಿಲ ಬಳಿ ರೇಡಿಯೊ ಹಚ್ಚಿಟ್ಟರೆ ನಿಮ್ಮ ಮಾತೂ ಮಸುಕಾಗುತ್ತದೆ. ವೀಡಿಯೊ ಕಷ್ಟವಾದರೆ ಬರೀ ದನಿಯಲ್ಲಿ ಮಾತನಾಡಬಹುದೇ ಎಂದು ವಿಚಾರಿಸಿ. ಯಾರಾದರೂ ಒಳಗೆ ಬಂದರೆ ಮಾತು ನಿಲ್ಲಿಸಲು ಒಂದು ಸಂಕೇತವನ್ನು ಚಿಕಿತ್ಸಕರೊಡನೆ ಮೊದಲೇ ಮಾತಾಡಿಕೊಳ್ಳಿ. ನಂಬಿಕೆಯ ಗೆಳತಿಯ ಖಾಲಿ ಮನೆ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ಖರ್ಚಿನ ಮಾತು. ಖಾಸಗಿಯಾಗಿ ಒಂದು ಭೇಟಿಗೆ ಮುಂಬಯಿಯಲ್ಲಿ ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ರೂಪಾಯಿ ಕೇಳುತ್ತಾರೆ. ಹಲವರು ಕಷ್ಟದಲ್ಲಿರುವವರಿಗೆ ಕಡಿಮೆ ಮಾಡುತ್ತಾರೆ, ಕೇಳುವುದರಲ್ಲಿ ಸಂಕೋಚವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನೂ ದೇಹದ ಕಾಯಿಲೆಯಂತೆಯೇ ಕಾಣಬೇಕು ಎಂದಿದೆ. ಆದರೆ ನಮ್ಮ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ, ವಾರದ ಮಾತುಕತೆಗೆ ಕೊಡುವುದಿಲ್ಲ. ಮನೆಯ ಪಾಲಿಸಿಯಲ್ಲಿ ಹೊರರೋಗಿ ವೆಚ್ಚ ಸೇರಿದೆಯೇ ನೋಡಿ. ಮಗಳ ಫೀಸಿಗೆ, ಊರಿನ ಮನೆಯ ಹೆಂಚಿಗೆ, ಮೈದುನನ ಸಾಲಕ್ಕೆ ಹಣ ಹೊಂದಿಸುವ ನಮ್ಮ ಹೆಂಗಸರು ತಮ್ಮ ನಿದ್ರೆಗೆ ಖರ್ಚು ಮಾಡುವಾಗ ಕಳ್ಳತನ ಮಾಡಿದಂತೆ ಕುಗ್ಗುವುದನ್ನು ಕಂಡು ನನಗೆ ನೋವಾಗುತ್ತದೆ.

ಅತ್ತಿಗೆಯವರ ಮೇಲೆ ಬೇಸರಪಟ್ಟುಕೊಳ್ಳಬೇಡಿ. ಪ್ರಶ್ನೆ ಇಡಿಸಿ, ಅಮ್ಮನ ಹೆಸರಿನಲ್ಲಿ ಮಾಡಬೇಕಾದ್ದನ್ನು ಮಾಡಿ ಬಂದರೆ ನಿಮ್ಮ ಮನಸ್ಸಿಗೆ ಸಮಾಧಾನ ಸಿಗಬಹುದು. ಕಡೆಯ ದರ್ಶನ ಸಿಗದ ನಿಮಗೆ ಆ ಕರ್ಮಗಳು ಬೇಕೂ ಆಗಿರಬಹುದು. ಮಾತ್ರೆ ನಿಲ್ಲಿಸಿ ಎಂದು ಅಲ್ಲಿ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ.

ಮಗಳ ಮದುವೆಯ ಚಿಂತೆ ಹುಸಿ ಎನ್ನಲಾರೆ, ನಮ್ಮ ಸಮಾಜವನ್ನು ನಾನೂ ಬಲ್ಲೆ. ಆದರೆ 2017ರ ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದನ್ನು ನಿಮ್ಮ ಹಕ್ಕು ಎಂದಿದೆ. ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ, ಇಂಥ ಕೆಲವೇ ಸಂದರ್ಭಗಳಲ್ಲಿ ಸಡಿಲಿಕೆ. ಇನ್ನೊಂದು ಮಾತು: 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ಸಮಾಜದ ಸಮಾರಂಭದಲ್ಲಿ ಊಟಕ್ಕೆ ಕೂತ ಒಂದು ಪಂಕ್ತಿಯಲ್ಲಿ ನಿಮ್ಮಂತೆ ನಿದ್ರೆಗೆಟ್ಟವರು ಇನ್ನೂ ಇದ್ದಾರೆ, ಅವರೂ ನಿಮ್ಮನ್ನು ನೋಡಿ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ.

ಚಿಕಿತ್ಸಕರಿಗೆ ಏನೆಂದು ಬರೆಯಲಿ ಎಂದು ಕೈ ತಡೆದರೆ ಇದನ್ನೇ ನಕಲು ಮಾಡಿ: "ನಮಸ್ಕಾರ. ನಾನು ಮುಂಬಯಿಯಲ್ಲಿರುವ 47 ವರ್ಷದ ಮಹಿಳೆ. ತಾಯಿ ತೀರಿಕೊಂಡ ಮೇಲೆ ನಿದ್ರೆ ಬರುತ್ತಿಲ್ಲ, ರೈಲಿನಲ್ಲಿ ತುಂಬ ಗಾಬರಿಯಾಗುತ್ತದೆ. ಸಾಯುವ ಯೋಚನೆಯೂ ಕೆಲವೊಮ್ಮೆ ಬಂದಿದೆ. ಕನ್ನಡದಲ್ಲಿ, ವಾರದ ದಿನ ಮಧ್ಯಾಹ್ನ ಮಾತನಾಡಬಹುದೇ? ನಿಮ್ಮ ನೋಂದಣಿ ಸಂಖ್ಯೆ ಮತ್ತು ಶುಲ್ಕ ತಿಳಿಸಿ." ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಕಳುಹಿಸಿ. ಯಾರೂ ಸಿಗದಿದ್ದರೆ ನಮಗೆ ಮತ್ತೆ ಬರೆಯಿರಿ. ಹೆಸರು ಅಚ್ಚಾಗುವುದಿಲ್ಲ, ಉತ್ತರವನ್ನು ನೇರವಾಗಿ ನಿಮ್ಮ ವಿಳಾಸಕ್ಕೇ ಕಳುಹಿಸುತ್ತೇನೆ.

ಸಂಪಾದಕ