ಗುಡಿಯ ಮಗ್ಗುಲಿನ ಹೆಂಚಿನ ಮನೆಯನ್ನು ಕೊಂಡು ಕೆಡವಬಹುದೇ?

ಪ್ರಶ್ನೆ: ನಾನು ಹಾಸನದಲ್ಲಿ ಬ್ಯಾಂಕ್ ನೌಕರ. ಬೇಲೂರು ನಮ್ಮ ತಾಯಿಯ ತವರು. ಅಲ್ಲಿ ಚೆನ್ನಕೇಶವ ದೇವಸ್ಥಾನದ ಪ್ರಾಕಾರದ ಗೋಡೆಯಿಂದ ಎಂಬತ್ತು ಹೆಜ್ಜೆ ದೂರದ ಹಳೆಯ ಹೆಂಚಿನ ಮನೆಯೊಂದು 48 ಲಕ್ಷ ರೂಪಾಯಿಗೆ ಮಾರಾಟಕ್ಕಿದೆ. ನಾನೂ ತಮ್ಮನೂ ಸೇರಿ ಅದನ್ನು ಕೊಂಡು, ಕೆಡವಿ, ಮೂರು ಅಂತಸ್ತಿನ ವಸತಿಗೃಹ ಕಟ್ಟಿಸಿ ಒಂದೂವರೆ ವರ್ಷದಲ್ಲಿ ಮಾರಬೇಕೆಂದಿದ್ದೇವೆ. ಅದೇ ಬೀದಿಯಲ್ಲಿ ಇನ್ನೂ ಮೂರು ಮನೆಗಳು ಪಾಳು ಬಿದ್ದಿವೆ. ಅವನ್ನೂ ಒಂದೊಂದಾಗಿ ಕೊಂಡರೆ ಬೀದಿಯ ಚಹರೆಯೇ ಬದಲಾದೀತು ಎನ್ನಿಸುತ್ತದೆ. ತಮ್ಮ ಸಲಹೆ ಏನು?

ಉತ್ತರ: ಕೆಡವುವ ಮಾತನ್ನು ಮೊದಲು ಬಿಡಿ. ಚೆನ್ನಕೇಶವ ದೇವಸ್ಥಾನ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್‌ವರೆಗಿನ ಜಾಗ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಳತೆ ಶುರುವಾಗುವುದು ಗೋಪುರದಿಂದಲ್ಲ, ಆ ಗಡಿಯಿಂದ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಎಂಬತ್ತು ಹೆಜ್ಜೆ ಎಂದರೆ ಅರವತ್ತು ಮೀಟರ್‌ನ ಆಸುಪಾಸು. ಅಂದರೆ ತಮ್ಮ ಮನೆ ನಿಷೇಧಿತ ವಲಯದೊಳಗೇ ಇದೆ, ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಏನು ಕಟ್ಟಿದರೂ ಲಾಭವೆಂದು ದಲ್ಲಾಳಿಗಳು ಹೇಳಿಯಾರು. ಆದರೆ ಆ ಪಟ್ಟಿಯಿಂದ ಈ ನಿಯಮ ಒಂದು ಗೇಣೂ ಸಡಿಲವಾಗಿಲ್ಲ.

ಕಾಯ್ದೆ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟಿದೆ. 1992ರ ಜೂನ್ 16ಕ್ಕೆ ಮೊದಲೇ ಅಲ್ಲಿದ್ದ ಕಟ್ಟಡವಾದರೆ, ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಪರಿಶೀಲನೆಗೆ ಹೋಗಿ ಬಂದ ಮೇಲೆ, ದುರಸ್ತಿ ಮತ್ತು ನವೀಕರಣ ಮಾಡಿಸಿಕೊಳ್ಳಬಹುದು. ದುರಸ್ತಿ ಎಂಬುದರಲ್ಲಿ ಮರುನಿರ್ಮಾಣ ಸೇರುವುದಿಲ್ಲವಾದ್ದರಿಂದ, ಹಳೆಯ ಗೋಡೆ ನಿಂತಿರುವವರೆಗೆ ಮಾತ್ರ ತಮಗೆ ಆ ಹಕ್ಕು ಉಂಟು. ಉತ್ಸಾಹದಲ್ಲಿ ಕೆಡವಿಬಿಟ್ಟರೆ ಕೈಯಲ್ಲಿ ಉಳಿಯುವುದು ಏನನ್ನೂ ಕಟ್ಟಲಾಗದ ಖಾಲಿ ನಿವೇಶನ. ನಿಷೇಧಿತ ವಲಯದಲ್ಲಿ ಕಟ್ಟಿದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹೀಗಿರುವಾಗ, 48 ಲಕ್ಷ ಎಂಬುದು ಕೆಡವಬಹುದಾದ ನಿವೇಶನದ ಬೆಲೆಯೇ ಹೊರತು ಕೆಡವಲಾಗದ ಮನೆಯ ಬೆಲೆಯಲ್ಲ. ತಮ್ಮ ಚೌಕಾಸಿ ಶುರುವಾಗಬೇಕಾದದ್ದು ಇಲ್ಲಿಂದ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಅಧಿಭಾರ, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು 3 ಲಕ್ಷ 65 ಸಾವಿರ ಆಗುತ್ತದೆ. ದುರಸ್ತಿಗೆ 12 ಲಕ್ಷ ಹಿಡಿದರೆ ಒಟ್ಟು 63 ಲಕ್ಷ 65 ಸಾವಿರ. ತಿಂಗಳಿಗೆ 12 ಸಾವಿರದಂತೆ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 1 ಲಕ್ಷ 44 ಸಾವಿರ, ಅಂದರೆ ಶೇ 2.3ಕ್ಕೂ ಕಡಿಮೆ. ಠೇವಣಿಯ ಬಡ್ಡಿ ಇದಕ್ಕಿಂತ ಮೇಲೆಂದು ಬ್ಯಾಂಕ್ ನೌಕರರಾದ ತಮಗೆ ನಾನು ಹೇಳಬೇಕಾಗಿಲ್ಲ. ಹೋಂಸ್ಟೇ ಮಾಡಿ, ಮೂರು ಕೋಣೆಗಳು ವರ್ಷದಲ್ಲಿ 120 ರಾತ್ರಿ ಎರಡೆರಡು ಸಾವಿರಕ್ಕೆ ಹೋದುವೆಂದು ಹಿಡಿದು, ಅರ್ಧ ಖರ್ಚಿಗೆ ಕಳೆದರೆ 3 ಲಕ್ಷ 60 ಸಾವಿರ ಉಳಿದೀತು. ಆದರೆ ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ. ಹಾಸನದಲ್ಲಿ ಕುಳಿತು ಬೇಲೂರಿನ ಮನೆಯನ್ನು ಕೆಲಸದವರ ಕೈಗೆ ಬಿಟ್ಟರೆ ಅದು ಹೆಸರಿಗಷ್ಟೇ ಹೋಂಸ್ಟೇ. ತಾಯಿಯವರು ತವರೂರಿಗೆ ಮರಳಿ ಅಲ್ಲಿಯೇ ಇರಲು ಒಪ್ಪುವುದಾದರೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ ಈ ದಾರಿ ಹಿಡಿಯುವುದು ಒಳ್ಳೆಯದು.

ದುರಸ್ತಿಯ ಬಗ್ಗೆ ಎರಡು ಮಾತು. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಸಬೇಡಿ. ಒಳಗಿನ ತೇವ ಹೊರಬರಲಾರದೆ ಕೆಲವೇ ಮಳೆಗಾಲಗಳಲ್ಲಿ ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಬಿಡುತ್ತದೆ. ತೊಲೆ, ಜಂತೆಗಳು ಗೋಡೆಯೊಳಗೆ ಹೊಕ್ಕ ತುದಿಯಲ್ಲೇ ಗೆದ್ದಲು ಹಿಡಿಯುವುದರಿಂದ ಅನುಭವಿ ಬಡಗಿಯೊಬ್ಬರಿಂದ ಆ ತುದಿಗಳನ್ನು ತಟ್ಟಿ ನೋಡಿಸಿ. ಹೆಂಚು ಕೈಯಾಡಿಸುವ ಕೆಲಸವನ್ನು ಮುಂಗಾರಿಗೆ ಮೊದಲೇ ಮುಗಿಸಬೇಕು. ಹೆಂಚು ತೆಗೆದು ಮೇಲೆ ತಗಡು ಹೊದಿಸುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

ಇನ್ನು ಬೀದಿಯ ವಿಚಾರ. ಇಂಥ ಮನೆಗಳು ಪಾಳು ಬೀಳಲು ಬಡತನಕ್ಕಿಂತ ಹೆಚ್ಚಾಗಿ ಪಾಲಾಗದ ಆಸ್ತಿಯೇ ಕಾರಣವಾಗಿರುವುದನ್ನು ನಾನು ಕಂಡಿದ್ದೇನೆ. ಅಜ್ಜನ ಹೆಸರಿನ ಖಾತೆ ಹಾಗೆಯೇ ಉಳಿದಿರುತ್ತದೆ, ವಾರಸುದಾರರು ಮೂರು ಊರುಗಳಲ್ಲಿ ಚದುರಿರುತ್ತಾರೆ, ಹೆಂಚು ಹಾಕಿಸಲು ಯಾರೂ ಕೈ ಬಿಚ್ಚುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿ ಹೇಳಿದ್ದನ್ನು, 2020ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲಿ ಇಲ್ಲದಿರಲಿ ಅನ್ವಯವಾಗುತ್ತದೆಂದು ಸ್ಪಷ್ಟಪಡಿಸಿದೆ. ಆದ್ದರಿಂದ ವಂಶವೃಕ್ಷ ತೆಗೆಸಿ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಕ್ರಯಪತ್ರದಲ್ಲಿ ಇರುವಂತೆ ನೋಡಿಕೊಳ್ಳಿ. ಪುರಸಭೆಯ ಇ-ಖಾತೆ ಮತ್ತು ಹಿಂದಿನ ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ವಕೀಲರಿಗೆ ತೋರಿಸಿ. ನಾಲ್ಕು ಮನೆಗಳನ್ನು ಒಬ್ಬರೇ ಕೊಂಡು ನಾಲ್ಕನ್ನೂ ಪ್ರವಾಸಿಗರಿಗೆ ಬಿಟ್ಟರೆ, ಬಿಡುವಿನ ತಿಂಗಳುಗಳಲ್ಲಿ ಬೀದಿ ಈಗಿನಷ್ಟೇ ಕತ್ತಲಾಗಿರುತ್ತದೆ. ಒಂದನ್ನು ಕೊಂಡು ಅದರಲ್ಲಿ ವಾಸವಿದ್ದು, ಜಗಲಿಯನ್ನು ಉಳಿಸಿ, ಮುಂದಿನ ಚರಂಡಿಯನ್ನು ಪುರಸಭೆಯಿಂದ ಸರಿಪಡಿಸಿಕೊಂಡರೆ ಪಕ್ಕದ ವಾರಸುದಾರರಿಗೂ ತಮ್ಮ ಪಾಲನ್ನು ಬಗೆಹರಿಸಿಕೊಳ್ಳುವ ಮನಸ್ಸು ಬಂದೀತು.

ಬೇಗ ಮಾರುವ ಆಲೋಚನೆಗೆ ತೆರಿಗೆಯೂ ಅಡ್ಡ ಬರುತ್ತದೆ. 24 ತಿಂಗಳೊಳಗೆ ಮಾರಿದರೆ ಲಾಭವು ತಮ್ಮ ಸಂಬಳದ ಜೊತೆ ಸೇರಿ ಅದೇ ದರದಲ್ಲಿ ತೆರಿಗೆಗೆ ಒಳಪಡುತ್ತದೆ, ಅನಂತರವಾದರೆ ಶೇ 12.5 ಮತ್ತು ಅದರ ಮೇಲಿನ ಸೆಸ್. ನವೀಕರಣದ ಖರ್ಚನ್ನು ಲಾಭದಲ್ಲಿ ಕಳೆದುಕೊಳ್ಳಬಹುದಾದ್ದರಿಂದ ಬಡಗಿಗೆ ಕೊಟ್ಟ ಹಣಕ್ಕೂ ರಸೀದಿ ಇರಲಿ. ಮುಂಗಡ ಕೊಡುವ ಮುನ್ನ, ದುರಸ್ತಿಗೆ ಅನುಮತಿ ಸಿಗದಿದ್ದರೆ ಹಣ ಪೂರ್ತಿ ವಾಪಸಾಗಬೇಕೆಂಬ ಷರತ್ತನ್ನು ಕರಾರುಪತ್ರದಲ್ಲಿ ಬರೆಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಈ ಮನೆಯನ್ನು ಬಿಟ್ಟುಬಿಡಿ.