ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೂ ಡಾಕ್ಟರ್ ಮಾತ್ರೆ ಕೊಡಲಿಲ್ಲ, ಯಾಕೆ?

ರಕ್ತದಾನ ಮಾಡಲು ಹೋದಾಗ ಎಚ್‌ಬಿಎಸ್‌ಎಜಿ ಅನ್ನುವ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ (ಲಿವರ್‌ಗೆ ತಗುಲುವ ವೈರಸ್ ಸೋಂಕು) ಇದೆ ಅಂತ ಗೊತ್ತಾಯ್ತು, ಡಾಕ್ಟರ್ ಮಾತ್ರೆ ಕೊಡದೆ ಆರು ತಿಂಗಳು ಬಿಟ್ಟು ಬನ್ನಿ ಅಂದರು, ಹೆಂಡತಿ ಮಗು ಜೊತೆ ಊಟ ಮಾಡಬಹುದಾ ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ ಇದೆ, ಹಾಗಾಗಿ ನಿಮ್ಮ ಗಾಬರಿ ಅರ್ಥವಾಗುತ್ತದೆ.

ಊಟ ಧಾರಾಳವಾಗಿ ಜೊತೆಗೇ ಮಾಡಿ. ತಟ್ಟೆ ಲೋಟ ಬೇರೆ ಇಡುವುದು ಬೇಡ. ಮಗುವನ್ನು ಎತ್ತಿ ಮುದ್ದಾಡಿ. ಇದು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಆದರೆ ಈ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರುತ್ತದೆ. ರೇಜರ್, ಟೂತ್‌ಬ್ರಷ್, ನೇಲ್ ಕಟರ್ ನಿಮ್ಮದು ನಿಮಗೇ ಇರಲಿ. ಹೆಂಡತಿ ಮಗುವಿಗೆ ರಕ್ತ ಪರೀಕ್ಷೆ ಮಾಡಿಸಿ, ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಅಂತಾದರೆ ಲಸಿಕೆ ಹಾಕಿಸಿ. ಸಾಮಾನ್ಯವಾಗಿ ಮೂರು ಡೋಸ್, ಆರು ತಿಂಗಳಲ್ಲಿ ಮುಗಿಯುತ್ತದೆ. ಹೆಂಡತಿಗೆ ರಕ್ಷಣೆ ಬಂದಿದೆ ಅಂತ ಖಾತ್ರಿಯಾಗುವವರೆಗೆ ಕಾಂಡೋಮ್ ಬಳಸಿ.

ಈಗ ಮಾತ್ರೆಯ ವಿಷಯ. ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂದರೆ ಮೈಯಲ್ಲಿ ವೈರಸ್ ಇದೆ ಅಂತ, ಅಷ್ಟೇ. ಎಷ್ಟಿದೆ ಅನ್ನುವುದನ್ನು ಎಚ್‌ಬಿವಿ ಡಿಎನ್‌ಎ ಪರೀಕ್ಷೆ ಹೇಳುತ್ತದೆ. ಲಿವರ್‌ಗೆ ಪೆಟ್ಟು ಬೀಳುತ್ತಿದೆಯಾ ಅಂತ ಎಎಲ್‌ಟಿ ಅನ್ನುವ ರಕ್ತ ಪರೀಕ್ಷೆ ತೋರಿಸುತ್ತದೆ, ಆ ಪೆಟ್ಟಿನ ಕಲೆಗಳಿಂದ ಲಿವರ್ ಗಟ್ಟಿಯಾಗಿದೆಯಾ ಅಂತ ಫೈಬ್ರೋಸ್ಕ್ಯಾನ್ ಅನ್ನುವ ಸ್ಕ್ಯಾನ್. ವೈರಸ್ ತೀರಾ ಕಡಿಮೆ, ಎಎಲ್‌ಟಿ ನಾರ್ಮಲ್, ಲಿವರ್ ಮೆತ್ತಗಿದೆ ಅಂದರೆ ಎಷ್ಟೋ ಸಲ ಮಾತ್ರೆ ಇಲ್ಲದೆ ನಿಗಾ ಇಡುತ್ತಾರೆ. ಇನ್ನೊಂದು ಕಾರಣವೂ ಇದೆ. ದೊಡ್ಡವರಾದ ಮೇಲೆ ಸೋಂಕು ತಗುಲಿದವರಲ್ಲಿ ಸುಮಾರು 95% ಜನರಿಗೆ ತಾನಾಗೇ ಹೋಗಿಬಿಡುತ್ತದೆ. ಆರು ತಿಂಗಳಾದ ಮೇಲೂ ಪಾಸಿಟಿವ್ ಇದ್ದರೆ ಮಾತ್ರ ದೀರ್ಘಕಾಲದ್ದು ಅನ್ನುತ್ತಾರೆ. ನಿಮಗೆ ಡಿಎನ್‌ಎ ಪರೀಕ್ಷೆ ಆಗಿದೆಯಾ ಒಮ್ಮೆ ನೋಡಿ. ಆಗಿಲ್ಲ ಅಂದರೆ ಆರು ತಿಂಗಳು ಕಾಯಬೇಡಿ, ಈಗಲೇ ಕೇಳಿ.

ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ಒಳ್ಳೆಯ ಔಷಧಿಗಳೇ. ವೈರಸ್ ಹೆಚ್ಚಾಗದಂತೆ ತಡೆಯುತ್ತವೆ. ಆದರೆ ಲಿವರ್‌ನ ಜೀವಕೋಶದೊಳಗೆ ಅಡಗಿ ಕೂತ ವೈರಸ್ ಡಿಎನ್‌ಎಯನ್ನು ಕಿತ್ತುಹಾಕಲು ಅವುಗಳಿಂದ ಆಗುವುದಿಲ್ಲ. ಅದಕ್ಕೇ ಶುರು ಮಾಡಿದರೆ ವರ್ಷಗಟ್ಟಲೆ, ಕೆಲವರಿಗೆ ಜೀವನಪೂರ್ತಿ. ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ವೈರಸ್ ಮತ್ತೆ ಜೋರಾಗಿ ಏಳಬಹುದು, ಲಿವರ್ ಕೈಕೊಡುವ ಮಟ್ಟಕ್ಕೂ ಹೋಗಬಹುದು.

ನನಗೆ ತುಂಬಾ ಕಾಳಜಿ ಇರುವುದು ನಿಮ್ಮ ಆರು ತಿಂಗಳ ಭೇಟಿಯ ಬಗ್ಗೆ. ಚೆನ್ನಾಗೇ ಇದ್ದೀನಲ್ಲ, ಸುಮ್ನೆ ಯಾಕೆ ಅಂತ ಬಿಟ್ಟುಬಿಡುವವರು ಜಾಸ್ತಿ. ನನ್ನ ಎಎಲ್‌ಟಿ ವರ್ಷಗಳ ಕಾಲ ನಾರ್ಮಲ್ ಇತ್ತು. ಒಂದು ಭೇಟಿಯಲ್ಲಿ ಏಕಾಏಕಿ ಏರಿತ್ತು, ಡಿಎನ್‌ಎಯೂ ಏರಿತ್ತು. ಸುಸ್ತಿಲ್ಲ, ಕಾಮಾಲೆ ಇಲ್ಲ, ಹಸಿವೂ ಸರಿಯಾಗೇ ಇತ್ತು. ರಕ್ತ ಪರೀಕ್ಷೆ ಮಾಡಿಸಿರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಆಗ ಮಾತ್ರೆ ಶುರುವಾಯ್ತು, ಈಗ ಎರಡೂ ಹತೋಟಿಯಲ್ಲಿವೆ. ಹೆಪಟೈಟಿಸ್ ಬಿ ಇರುವವರಲ್ಲಿ ಲಿವರ್ ಗಟ್ಟಿಯಾಗದೆಯೂ ಕ್ಯಾನ್ಸರ್ ಬರಬಹುದು, ಹಾಗಾಗಿ ನಿಮಗೆ ಅಲ್ಟ್ರಾಸೌಂಡ್ ಎಷ್ಟು ತಿಂಗಳಿಗೊಮ್ಮೆ ಬೇಕು ಅಂತಲೂ ಕೇಳಿ.

ಮದ್ಯ ಬಿಡಿ. ಲಿವರ್‌ಗೆ ಒಳ್ಳೆಯದು ಅಂತ ಯಾರೋ ಹೇಳುವ ಪುಡಿ, ಕಷಾಯ ಮುಟ್ಟಬೇಡಿ, ಕೆಲವು ಲಿವರ್‌ಗೇ ವಿಷ. ಬೇರೆ ಯಾವ ಕಾಯಿಲೆಗಾದರೂ ಸ್ಟೀರಾಯ್ಡ್ ಅಥವಾ ಕೀಮೋ ಕೊಡುವ ಮುಂಚೆ ಆ ಡಾಕ್ಟರಿಗೆ ಇದನ್ನು ಹೇಳಲೇಬೇಕು, ಮಲಗಿದ್ದ ವೈರಸ್ ಅವುಗಳಿಂದ ಎದ್ದುಬಿಡಬಹುದು.

ಇನ್ನೊಂದು ಮಾತು. ಹುಟ್ಟುವಾಗ ಅಥವಾ ಮೊದಲ ವರ್ಷದಲ್ಲಿ ತಗುಲಿದರೆ 10ರಲ್ಲಿ 9 ಮಕ್ಕಳಲ್ಲಿ ಇದು ಉಳಿದುಬಿಡುತ್ತದೆ. ನಿಮಗೂ ಹಾಗೇ ಬಂದಿರಬಹುದು. ನಿಮ್ಮ ತಾಯಿ ಮತ್ತು ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಲು ಹೇಳಿ.